ಮಂಚದ ಗುರುತು

ಕೊಳ್ಳೇಗಾಲ
ನವೆಂಬರ್ ೧೮, ಬುಧವಾರ
ಅಂಗಡಿ ಬಾಗಿಲು ತೆಗೆಯುವ ಮುಂಚೆ

ಪ್ರೀತಿಯ ಅಕ್ಕಾ,

ಕೋಪದಲ್ಲಿದ್ದರೂ ಅಕ್ಕ ಅಕ್ಕನೇ ಎಂದು ಮೊದಲು ನಿನ್ನ ಕಾಲಿಗೊಂದು ನಮಸ್ಕಾರ ಹಾಕಿ ಶುರು ಮಾಡಿದ್ದೇನೆ. ಮೈ ಹೇಗಿದೆ? ಎಡಗೈಯ ಜೋಮು ಇಳಿಯಿತೇ? ಬಿಪಿ ಮಾತ್ರೆ ತಿಂಡಿಗೆ ಮುಂಚೆಯೋ ಆಮೇಲೋ ಎಂದು ದಿನಾ ಬೆಳಿಗ್ಗೆ ಭವ್ಯಳ ಜೊತೆ ಜಗಳವಂತೆ. ಡಾಕ್ಟರು ಹೇಳಿದ್ದು ಆಮೇಲೆ ಎಂದೇ, ಪಕ್ಕದಲ್ಲಿ ನಿಂತು ಕೇಳಿಸಿಕೊಂಡವನು ನಾನು. ಈ ಒಂದು ವಿಷಯದಲ್ಲಿ ಮಗಳನ್ನು ಗೆಲ್ಲಲು ಬಿಡು. ಸತ್ಯಮಂಗಲದ ಇಡ್ಲಿ ನಿನಗೆ ಒಗ್ಗಿದೆ, ಸಾಂಬಾರು ಒಗ್ಗಿಲ್ಲ ಎಂಬ ಸುದ್ದಿಯೂ ಇಲ್ಲಿಗೆ ಬಂದು ಮುಟ್ಟಿದೆ. ಪುಷ್ಪ ನಿನಗೆಂದು ಹುಚ್ಚೆಳ್ಳು ಚಟ್ನಿಪುಡಿ ಕುಟ್ಟಿ ಕಟ್ಟಿದ್ದಾಳೆ, ಕಾಗದದ ಜೊತೆಯಲ್ಲೇ ಇದೆ. ನನ್ನ ಹೆಂಡತಿ ನನಗೆ ಇಷ್ಟು ನುಣ್ಣಗೆ ಯಾವತ್ತೂ ಕುಟ್ಟಿಕೊಟ್ಟಿಲ್ಲ, ಅದನ್ನೂ ಗಮನಿಸು.

ಫೋನಿಗೇನು ಬಂತು ರೋಗ ಎಂದು ನೀನು ಕೇಳುತ್ತೀ. ಫೋನು ಚೆನ್ನಾಗಿಯೇ ಇದೆ. ಆದರೆ ನಾನು ಮಾಡಿದಾಗಲೆಲ್ಲ "ನನ್ ಸೊಸೆ ಇಂದಕ್ ಸರುದ್ಲಾ ಇಲ್ವಾ? ಅಷ್ಟೇ ಏಳು" ಎನ್ನುತ್ತೀ, ನಾನು "ಅಲ್ಲ ಅಕ್ಕಾ" ಎಂದು ಬಾಯಿ ತೆಗೆಯುವಷ್ಟರಲ್ಲಿ ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಮಧ್ಯದಲ್ಲಿ ಇಡಲು ಬರುವುದಿಲ್ಲ. ಓದುವವಳು ಭವ್ಯ, ಅವಳಿಗೆ ಹೇಳಿದ್ದೇನೆ, ಅಮ್ಮ ಎದ್ದು ಹೋದರೆ ಹಿಂದೆಯೇ ಹೋಗಿ ಓದು ಎಂದು. ಹೂವಿನ ಗಾಡಿಯ ಚಿಕ್ಕಮಾದಪ್ಪ ಇಲ್ಲಿ ಮಲ್ಲಿಗೆ ಇಳಿಸಿ ಹಿಂದಿರುಗುವಾಗ ಇದನ್ನು ತಂದುಕೊಡುತ್ತಾನೆ. ಅವನಿಗೊಂದು ಲೋಟ ಕಾಫಿ ಕೊಡು. ಇನ್ನೊಂದು ಕೆಲಸ ಅವನಿಂದ ಆಗಬೇಕಾಗಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ನೀನು ನನಗೆ ಒಪ್ಪಿಸಿದ ಕೆಲಸ ಎರಡು. ಒಂದು, ನಿನ್ನ ಸೊಸೆ ನಾಗಶ್ರೀ ಈ ಪಂಚಾಯ್ತಿ ಎಲೆಕ್ಷನ್ನಿನಿಂದ ಕೈಬಿಟ್ಟು, ಮೆಂಬರು ಶಿವಕುಮಾರಸ್ವಾಮಿಯ ಹೆಂಡತಿ ಪದ್ಮಿನಿಗೆ ತನ್ನ ಬೆಂಬಲ ಎಂದು ಊರ ಮುಂದೆ ಹೇಳುವಂತೆ ಮಾಡುವುದು. ಎರಡು, ಅದಾಗದಿದ್ದರೆ ಆ ಮಂಚದ ಗುರುತನ್ನು ಮನೆಮನೆಗೆ ಹಿಡಿದುಕೊಂಡು ಹೋಗುವುದನ್ನಾದರೂ ನಿಲ್ಲಿಸುವುದು. ತೆಂಗಿನಕಾಯಿ ಇರಲಿಲ್ಲವೇ, ಆಟೋ ಇರಲಿಲ್ಲವೇ, ಹೊಲಿಗೆ ಮಿಷನ್ನು ಇರಲಿಲ್ಲವೇ, ಮರ್ಯಾದಸ್ಥರ ಮನೆ ಸೊಸೆ ಹೋಗಿ ಹೋಗಿ ಮಂಚವನ್ನೇ ಕೇಳಿ ತೆಗೆದುಕೊಳ್ಳುವುದೇ ಎಂದು ನೀನು ಅತ್ತದ್ದು ನನಗೆ ನೆನಪಿದೆ. ಆಗುವವರೆಗೆ ಬೇವಿನದೊಡ್ಡಿಗೆ ಕಾಲಿಡುವುದಿಲ್ಲ, ಓಟಿಗೂ ಬರುವುದಿಲ್ಲ ಎಂದು ನೀನು ಮಗಳ ಮನೆ ಸೇರಿದ್ದೂ ನೆನಪಿದೆ. ಸರಿ, ಲೆಕ್ಕ ಒಪ್ಪಿಸುತ್ತೇನೆ. ಮೊದಲನೆಯದು ಆಗಲಿಲ್ಲ. ಎರಡನೆಯದೂ ಆಗಲಿಲ್ಲ. ಹೋದವನು ಬೇರೆ ಮನುಷ್ಯನಾಗಿ ಹಿಂದಿರುಗಿದೆ.

ಚುನಾವಣೆ ಅಂದರೆ ನನಗೇನು ಎಂದು ನಿನಗೆ ಗೊತ್ತು. ಸೈಕಲ್ಲಿನ ಕ್ಯಾರಿಯರಿಗೆ ಎರಡು ಕೊಳಗ ಕಟ್ಟಿಕೊಂಡು ಮದುವೆ ಮನೆಗಳಿಗೆ ಬಾಡಿಗೆಗೆ ಕೊಡುತ್ತಿದ್ದವನು ನಾನು. ಇವತ್ತು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಯಾರು ಭಾಷಣ ಮಾಡಿದರೂ ಕೇಳುವವರು ಕೂರುವುದು ನನ್ನ ಕುರ್ಚಿಯ ಮೇಲೆ, ನನ್ನ ಶಾಮಿಯಾನದ ಕೆಳಗೆ. ಬೇರೆಯವರು ಅಭ್ಯರ್ಥಿಯ ಜಾತಿ ನೋಡುತ್ತಾರೆ, ಜೇಬು ನೋಡುತ್ತಾರೆ. ನಾನು ಅವರು ಕುರ್ಚಿ ಕೇಳುವ ರೀತಿ ನೋಡುತ್ತೇನೆ. ಗೆಲ್ಲುವವನು ಬೇಕಾದ್ದಕ್ಕಿಂತ ಕಡಿಮೆ ಕೇಳುತ್ತಾನೆ, ಜನ ನಿಂತು ಕೇಳಿದರು ಎಂದು ಪೇಪರಿನಲ್ಲಿ ಬರಬೇಕಲ್ಲ. ಸೋಲುವವನು ಮೈದಾನ ತುಂಬಾ ಹಾಕಿಸುತ್ತಾನೆ. ಒಡೆಯರಪಾಳ್ಯದ ಟಿಬೆಟಿನವರು ಮಾತ್ರ ಕುರ್ಚಿ ಒರೆಸಿ ವಾಪಸ್ಸು ಕಳಿಸುತ್ತಾರೆ, ಅವರು ಯಾವ ಎಲೆಕ್ಷನ್ನಿಗೂ ನಿಲ್ಲುವುದಿಲ್ಲ. ಈ ಸಲ ಶಿವಕುಮಾರಸ್ವಾಮಿ ಬಂದು ಕುರ್ಚಿ ಬುಕ್ ಮಾಡಿದ. ಸೀಟು ಮಹಿಳೆಗೆ ಮೀಸಲು, ನಿಂತಿರುವವಳು ಪದ್ಮಿನಿ, ಆದರೆ ಪೋಸ್ಟರಿನಲ್ಲಿ ಅವನ ಮುಖ ಹಲಸಿನ ಹಣ್ಣಿನಷ್ಟು, ಅವಳದು ಅಂಚೆ ಚೀಟಿಯಷ್ಟು. "ಮೇಡಮ್ಮೋರು ಎಲ್ಲಿ ಕೂರ್ತಾರೆ?" ಎಂದು ಕೇಳಿದೆ. "ಅವಳ್ಯಾಕೆ ಬತ್ತಾಳೆ ಮಾರಾಯಾ, ಮನೇಲಿ ಕೆಲ್ಸ ಇಲ್ವಾ?" ಎಂದು ನಕ್ಕ. ನಾನೂ ನಕ್ಕೆ, ಗಿರಾಕಿ ನಕ್ಕಾಗ ನಗುವುದು ನನ್ನ ವ್ಯಾಪಾರ. ನಾಗಶ್ರೀಗೆ ನಾನೇ ಫೋನ್ ಮಾಡಿ, ನಿನಗೂ ಒಂದಷ್ಟು ಕುರ್ಚಿ ಕಳಿಸಲೇನಮ್ಮ, ಬಾಡಿಗೆ ಬೇಡ ಎಂದಿದ್ದೆ. "ಕೂರ್ಸಿ ಮಾತಾಡೋ ಅಂಥದ್ದು ನನ್ನತ್ರ ಏನೈತೆ ಮಾವ, ಬಾಗ್ಲಲ್ಲಿ ನಿಂತ್ಕಂಡೇ ಕೇಳ್ತೀನಿ" ಎಂದಳು. ಇವಳು ಸೋತಳು ಎಂದು ಆಗಲೇ ಮನಸ್ಸಿನಲ್ಲಿ ಬರೆದುಕೊಂಡೆ.

ಹೋದ ಭಾನುವಾರ ಪುಷ್ಪಳಿಗೆ ಹೇಳಿ ಹೊರಟೆ. ಹೂಗ್ಯಂ ದಾಟಿ, ಬೇವಿನದೊಡ್ಡಿಗೆ ತಿರುಗುವ ಕಡೆ ಟೀ ಅಂಗಡಿ ಇದೆಯಲ್ಲ, ಅಲ್ಲಿ ಗಾಡಿ ನಿಲ್ಲಿಸಿದರೆ ನಿನ್ನ ಸೊಸೆ ಅಲ್ಲೇ ಇದ್ದಳು. ಕೈಯಲ್ಲಿ ಕರಪತ್ರ, ಜೊತೆಯಲ್ಲಿ ನಾಲ್ಕಾರು ಹೆಂಗಸರು. ಪಕ್ಕದ ಕಟ್ಟೆಯ ಮೇಲೆ ಹುಡುಗರ ಗುಂಪು ಮೊಬೈಲ್ ತಿಕ್ಕುತ್ತಾ ಕೂತಿತ್ತು. ಅವರಲ್ಲಿ ಚೆಲುವಮ್ಮನ ಮಗನೂ ಇದ್ದ. ಚೆಲುವಮ್ಮ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಎರಡು ವರ್ಷದಿಂದ ಜಂಬ ಬಂದಿದೆ, ದಾರಿಯಲ್ಲಿ ಕರೆದರೂ ಕತ್ತು ತಿರುಗಿಸಿ ನೋಡುವುದಿಲ್ಲ ಎಂದು ನೀನು ಯಾವಾಗಲೂ ಬಯ್ಯುತ್ತೀಯಲ್ಲ, ಅದೇ ಪಕ್ಕದ ಮನೆ ಚೆಲುವಮ್ಮ. ಅವಳ ಮಗ ಜೊತೆಯವರಿಗೆ ಕಣ್ಣು ಹೊಡೆದು, "ಏನಕ್ಕೋ, ಮಂಚ ತಕಂಡು ಮನೆಮನೆಗೂ ಬತ್ತಿದ್ದೀಯಂತೆ? ನಮ್ಮನೆಗೆ ಯಾವತ್ತು?" ಎಂದ. ಹುಡುಗರೆಲ್ಲ ಕೇಕೆ ಹಾಕಿದರು. ನನ್ನ ಮೈ ಉರಿದುಹೋಯಿತು. ನೀನು ಹೇಳಿದ್ದು ಸರಿ ಅಕ್ಕಾ, ಇಂಥ ಮಾತು ಕೇಳಬೇಕಾಯಿತಲ್ಲ ಎಂದುಕೊಂಡು ಚಪ್ಪಲಿಗೆ ಕೈಹಾಕುವವನಿದ್ದೆ. ನಾಗಶ್ರೀ ಸಿಟ್ಟಾಗಲೂ ಇಲ್ಲ, ಸೆರಗು ಎಳೆದುಕೊಳ್ಳಲೂ ಇಲ್ಲ. "ಬತ್ತೀನಿ ಕಣ್ಲಾ. ನಿಮ್ಮವ್ವ ಕರುದ್ರೆ ಈಗ್ಲೇ ಬತ್ತೀನಿ. ಓಗು, ನಾಗಕ್ಕನ ಮಂಚ ಎಷ್ಟು ಭಾರ ಅಂತ ನಿಮ್ಮವ್ವನ್ನೇ ಕೇಳು" ಎಂದಳು. ಹುಡುಗರಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಆದರೆ ಅವಳ ಜೊತೆಗಿದ್ದ ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ. ಗುಡಿಯಲ್ಲಿ ಮಂಗಳಾರತಿ ಬಂದಾಗ ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದರು. ಬಾಡಿಗೆ ಲೋಕದಲ್ಲಿ ತಲೆ ಬೆಳ್ಳಗಾದವನಿಗೆ ಇದೇನೋ ಲೆಕ್ಕ ತಪ್ಪುತ್ತಿದೆ ಎನ್ನಿಸಿದ್ದು ಅಲ್ಲೇ ಮೊದಲು.

ಅಲ್ಲಿಂದ ಹಳ್ಳ. ಹೋದ ವಾರದ ಮಳೆಗೆ ನೀರು ಮೊಣಕಾಲಿನವರೆಗೆ ಇತ್ತು. ಗಾಡಿಯನ್ನು ಈಚೆ ದಡದಲ್ಲಿ ಬಿಟ್ಟು, ಪಂಚೆ ಎತ್ತಿಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹಿಂದೆಯೇ ದಾಟಿದೆ. ಅವಳು ಮದುವಣಗಿತ್ತಿಯಾಗಿ ಬಂದ ದಿನ ನೆನಪಾಯಿತು. ಅಗರದ ಬಸವಣ್ಣನವರ ಮಗಳು, ಮನೆ ಹಿಂದೆಯೇ ನಾಲೆ, ಗದ್ದೆ ಬದುವಿನ ಮೇಲೆ ಓಡಾಡಿ, ಯಳಂದೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಮುಗಿಸಿದವಳು. ನೀರೆಂದರೆ ಕೇಳಿದಾಗ ಬಂದು, ಸಾಕೆಂದಾಗ ನಿಲ್ಲುವಂಥದ್ದು ಎಂದು ತಿಳಿದಿದ್ದ ಹುಡುಗಿ. ದಿಬ್ಬಣದ ವ್ಯಾನು ಇದೇ ದಡದಲ್ಲಿ ನಿಂತಾಗ ಮೂಗಿನ ತುದಿ ಕೆಂಪಗೆ ಮಾಡಿಕೊಂಡು ಅಪ್ಪನ ಮುಖ ನೋಡಿದಳು. ನೀನು ಮುಂದೆ ಬಂದು, "ಸೀರೆ ಎತ್ಕಂಡು ನಡಿಯವ್ವ. ಈ ಅಳ್ಳಕ್ಕೆ ಮದ್ಲಿಂಗಿತ್ತಿ ಯಾರು ಎಮ್ಮೆ ಯಾರು ಅಂತ ಗೊತ್ತಾಗಕಿಲ್ಲ" ಎಂದು ಅವಳ ಕೈ ಹಿಡಿದು ನಡೆಸಿಕೊಂಡು ಹೋದೆ. ಅವಳ ಟ್ರಂಕು ನನ್ನ ತಲೆಯ ಮೇಲಿತ್ತು. ಹಿಂದೆ ಬಸವಣ್ಣನವರು ಸಂಕೋಚದಿಂದ, "ಸೇತುವೆ ಯಾವಾಗ ಆಗ್ತದೆ ಉದಯಣ್ಣ?" ಎಂದು ಕೇಳಿದರು. "ಇನ್ನೇನು ಆಗ್ತದೆ" ಎಂದು ನಾನು ಧಾರಾಳವಾಗಿ ಹೇಳಿದ್ದೆ. ಅವಳ ಮಗಳು ಈಗ ಸ್ಕೂಲಿಗೆ ಹೋಗುತ್ತಾಳೆ, ಮಳೆ ಬಂದರೆ ಹೋಗುವುದಿಲ್ಲ.

ಮನೆಯಲ್ಲಿ ನಿನ್ನ ಮಗ ಗುರುಮಲ್ಲ ಜಗಲಿಯ ಮೇಲೆ ಕೂತು ಆಟೋದ ಯಾವುದೋ ಭಾಗ ಬಿಚ್ಚಿಕೊಂಡಿದ್ದ. "ನನ್ನ ಕೇಳ್ಬ್ಯಾಡಿ ಮಾವ, ನಾನು ಬರೀ ಡ್ರೈವರ್ರು" ಎಂದು ನಾನು ಬಾಯಿ ಬಿಡುವ ಮೊದಲೇ ಹೇಳಿದ. ನಾನು ನಾಗಶ್ರೀಯನ್ನು ಕೂರಿಸಿ ಎಲ್ಲಾ ಹೇಳಿದೆ. ನಿನ್ನ ಕಣ್ಣೀರು ಹೇಳಿದೆ, ಶಿವಕುಮಾರಸ್ವಾಮಿಯ ಮನೆಯವರಿಗೂ ನಮಗೂ ಇರುವ ಹಳೆಯ ಕೊಡುಕೊಳ್ಳುವಿಕೆ ಹೇಳಿದೆ. ನೀನು ಊರೆಲ್ಲಾ ಹೇಳುತ್ತೀಯಲ್ಲ, ಅದನ್ನೂ ಹೇಳಿದೆ: ಅತ್ತೆಗೆ ಆ ದಿನ ಪ್ರಜ್ಞೆ ತಪ್ಪಿದಾಗ ಆಂಬುಲೆನ್ಸು ಹಳ್ಳ ದಾಟಿ ಮನೆ ಬಾಗಿಲಿಗೇ ಬಂದು ಕರೆದುಕೊಂಡು ಹೋಗಲಿಲ್ಲವೇ, ಹಾಗಿರುವಾಗ ಸೇತುವೆ ಸೇತುವೆ ಎಂದು ನೀನು ಬೀದಿಗೆ ಬರುವ ಅಗತ್ಯ ಏನಮ್ಮ ಎಂದೆ. ಅವಳು ತಲೆ ತಗ್ಗಿಸಿ, ನಗುವೂ ಅಲ್ಲದ ಅಳುವೂ ಅಲ್ಲದ ಒಂದು ಮುಖ ಮಾಡಿ, "ಕಾಫಿ ಕುಡೀರಿ ಮಾವ" ಎಂದು ಎದ್ದು ಒಳಗೆ ಹೋದಳು. ಅಷ್ಟು ಮಾತಾಡಿ ಒಂದು ಕಾಫಿಗೆ ಸೋತದ್ದು ನನ್ನ ವ್ಯಾಪಾರದಲ್ಲಿ ಅದೇ ಮೊದಲು.

ಆಗ ಹಿತ್ತಲಿನಲ್ಲಿ ಹುಲ್ಲು ಹಾಕುತ್ತಿದ್ದ ದೊಡ್ಡಮಾದಮ್ಮ, ನೀನು ಅಂಗಳದಲ್ಲಿ ಚೊಂಬೆತ್ತಿ ಬೊಗಸೆಗೆ ನೀರು ಹೊಯ್ಯುತ್ತೀಯಲ್ಲ, ಆ ದೊಡ್ಡಮಾದಮ್ಮ, ಹೊರಗಿನಿಂದಲೇ ನನಗೆ ಸನ್ನೆ ಮಾಡಿ ಕರೆದಳು. ಬೇಲಿಯವರೆಗೂ ನಡೆಸಿಕೊಂಡು ಹೋಗಿ, "ಯಾವ ಆಂಬುಲೆನ್ಸು ಸಾವ್ಕಾರ್ರೇ? ಗಾಡಿ ಆ ದಡದಲ್ಲೇ ನಿಂತಿತ್ತು. ಶಂಕ್ರಮ್ಮೋರ್ನ ದಾಟ್ಸಿದ್ದು ನಾವು" ಎಂದಳು.

ಅಕ್ಕಾ, ಇಲ್ಲಿಂದ ಮುಂದಿನದನ್ನು ಭವ್ಯ ನಿಧಾನವಾಗಿ ಓದಲಿ. ನೀನು ಗೋಡೆಗೆ ಒರಗಿಕೊಂಡು ಕೂತುಕೋ.

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದು ಮಳೆ ಹಿಡಿದಿದ್ದ ಆ ದಿನ ಮಧ್ಯಾಹ್ನ ನೀನು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತವಳು ಹಾಗೆಯೇ ಪಕ್ಕಕ್ಕೆ ಒರಗಿದೆ. ಊರಿನಲ್ಲಿ ಗಂಡಸು ಅನ್ನುವ ಪ್ರಾಣಿ ಇರಲಿಲ್ಲ. ಹನೂರಿನಲ್ಲಿ ಸಮಾವೇಶ, ಶಿವಕುಮಾರಸ್ವಾಮಿ ಟ್ರ್ಯಾಕ್ಟರಿನಲ್ಲಿ ಎಲ್ಲರನ್ನೂ ತುಂಬಿಕೊಂಡು ಹೋಗಿದ್ದ, ನಿನ್ನ ಮಗನೂ ಅದರಲ್ಲೇ ಇದ್ದ. ಅವರೆಲ್ಲ ಆ ಹೊತ್ತಿನಲ್ಲಿ ನನ್ನ ಕುರ್ಚಿಗಳ ಮೇಲೆ ಕೂತು ಸೇತುವೆ ಮಾಡಿಸಿಕೊಡುತ್ತೇವೆ ಎಂಬ ಭಾಷಣಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಇಲ್ಲಿ ನಾಗಶ್ರೀ ಫೋನ್ ಮಾಡಿದಳು, ಆಂಬುಲೆನ್ಸು ಬಂತು, ಬಂದು ಆಚೆ ದಡದಲ್ಲಿ ನಿಂತಿತು. ನಡುನೀರು ಎದೆಯವರೆಗೆ. ಡ್ರೈವರು ಕೈ ಎತ್ತಿ ಏನೋ ಕೂಗಿದ, ನೀರಿನ ಸದ್ದಿಗೆ ಕೇಳಿಸಲಿಲ್ಲ. ನೀನು ಮಲಗುವ ಹಗ್ಗದ ಮಂಚವನ್ನೇ ತಂದು ನಿನ್ನನ್ನು ಮಲಗಿಸಿ, ಸೀರೆಯಿಂದ ಕಟ್ಟಿ, ಹೆಂಗಸರು ಎತ್ತಿ ಹೆಗಲಿಗೆ ಇಟ್ಟರು. ಇಟ್ಟ ತಕ್ಷಣ ಮುದುಕಿ ಮಹಾದೇವಮ್ಮ ಬಾಯಿ ಬಡಿದುಕೊಂಡಳಂತೆ. "ಇಳ್ಸ್ರೇ, ಇಳ್ಸಿ! ಎಂಗುಸ್ರು ಎಗಲು ಕೊಡೋದುಂಟಾ? ಉಸುರಾಡ್ತಾವಳೆ, ಬದುಕಿರೋಳ್ನ ಎಣ ಮಾಡೀರಾ?" ನಮ್ಮ ಕಡೆ ಮಲಗಿಸಿ ಹೆಗಲ ಮೇಲೆ ಹೊತ್ತರೆ ಅದಕ್ಕೆ ಒಂದೇ ಅರ್ಥ, ಅದಕ್ಕೂ ಹೆಣ್ಣಿನ ಹೆಗಲು ಸಲ್ಲದು, ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಎಲ್ಲರೂ ಹೆದರಿ ಮಂಚ ಕೆಳಗಿಟ್ಟರು. ಪದ್ಮಿನಿ ಅಳಲು ಶುರುಮಾಡಿದಳು. ಹೌದು, ಅದೇ ಪದ್ಮಿನಿ, ಅವಳೂ ಇದ್ದಳು.

ಆಗ ನಿನ್ನ ಸೊಸೆ ಹಗ್ಗದ ಮೇಲೆ ಒಣಗಿದ್ದ ಟವೆಲು ಎಳೆದು, ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳಂತೆ. "ಎಗಲು ಬ್ಯಾಡ. ಉಲ್ಲೊರೆ ಒರಲ್ವಾ ನಾವು, ಸೌದೆ ಒರಲ್ವಾ? ತಲೆ ಮೇಲಿಟ್ರೆ ಅದು ಒರೆ, ಅಷ್ಟೇಯ. ಇವತ್ತು ಅತ್ತೆ ನಮ್ಮ ಒರೆ" ಎಂದಳಂತೆ. ದೊಡ್ಡಮಾದಮ್ಮ ಇದನ್ನು ಹೇಳುವಾಗ ತನ್ನ ತಲೆಯನ್ನು ತಾನೇ ಮುಟ್ಟಿಕೊಂಡು ತೋರಿಸಿದಳು. ಮಹಾದೇವಮ್ಮನೂ ಬಾಯಿ ಮುಚ್ಚಿದಳು, ತಲೆಯ ಹೊರೆಗೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲವಲ್ಲ. ಆರು ಜನ, ಆರು ಸಿಂಬಿ. ಮುಂದೆ ನಾಗಶ್ರೀ ಮತ್ತು ಚೆಲುವಮ್ಮ, ನಡುವೆ ಪದ್ಮಿನಿ ಮತ್ತು ಅವಳ ಓರಗಿತ್ತಿ, ಹಿಂದೆ ದೊಡ್ಡಮಾದಮ್ಮ ಮತ್ತು ಅವಳ ಸೊಸೆ ಕುಸುಮ. ಕುಸುಮ ಗಿಡ್ಡಿ, ಮಂಚ ಅವಳ ಕಡೆ ಇಳಿಯುತ್ತದೆ ಎಂದು ಅವಳ ತಲೆಯ ಮೇಲೆ ಸಿಂಬಿಯ ಮೇಲೆ ಸಿಂಬಿ ಇಟ್ಟರು. ಮಹಾದೇವಮ್ಮ ಕೋಲು ಊರಿಕೊಂಡು ದಡದಲ್ಲಿ ನಿಂತು, ಇದು ಸಾವಿನ ಮೆರವಣಿಗೆ ಅಲ್ಲ ಎಂದು ದೇವರಿಗೂ ಗೊತ್ತಾಗಲಿ ಎಂದು ಮದುವೆಯ ಸೋಬಾನೆ ಎತ್ತಿದಳು. ಹಾಗೆ ನೀನು ಹಳ್ಳ ದಾಟಿದೆ ಅಕ್ಕಾ. ಕೆಳಗೆ ಎದೆ ಮಟ್ಟದ ಕೆಂಪು ನೀರು, ಮೇಲೆ ಮಳೆ, ನಡುವೆ ಆರು ತಲೆಗಳ ಮೇಲೆ ನೀನು, ಹಿಂದೆ ಸೋಬಾನೆ. ನಡುನೀರಿನಲ್ಲಿ ಪಾಚಿಗಲ್ಲಿನ ಮೇಲೆ ಚೆಲುವಮ್ಮನ ಕಾಲು ಜಾರಿತು. ಆ ಮೂಲೆಯ ಭಾರವೆಲ್ಲ ಅವಳ ಕತ್ತಿನ ಮೇಲೆ ಬಿತ್ತು. "ಲಟಕ್ ಅಂದದ್ದು ಇಂದೆ ಇದ್ದ ನಂಗೇ ಕೇಳುಸ್ತು, ಆದ್ರೂ ಬುಡ್ನಿಲ್ಲ ಅವಳು" ಎಂದಳು ದೊಡ್ಡಮಾದಮ್ಮ. ಅವತ್ತಿನಿಂದ ಅವಳಿಗೆ ಕತ್ತು ತಿರುಗುವುದಿಲ್ಲ. ಯಾರಾದರೂ ಕರೆದರೆ ನಿಂತು ಇಡೀ ಮೈಯನ್ನು ತಿರುಗಿಸಿ ನೋಡಬೇಕು. ನೀನು ಜಂಬ ಎಂದುಕೊಂಡದ್ದು ಅದು.

ಆಚೆ ದಡದಲ್ಲಿ ನಿನ್ನನ್ನು ಗಾಡಿಗೆ ಹತ್ತಿಸಿದ ಮೇಲೆ ಆರೂ ಜನ ನೀರು ಹಿಂಡಿಕೊಳ್ಳುತ್ತಾ ಒಂದು ಮಾತು ಮಾಡಿಕೊಂಡರಂತೆ. ಶಂಕರಮ್ಮನಿಗೆ ಹೇಳಕೂಡದು. ಮಂಚದ ಮೇಲೆ ಮಲಗಿಸಿ ಹೊತ್ತರು ಎಂದು ಗೊತ್ತಾದರೆ ಅಪಶಕುನ ಎಂದು ಕೊರಗುತ್ತಾಳೆ, ಯಾರು ಯಾರು ಮುಟ್ಟಿದರು ಎಂದು ಗೊತ್ತಾದರೆ ಇನ್ನೂ ಕೊರಗುತ್ತಾಳೆ, ಗಾಡಿ ಬಾಗಿಲಿಗೆ ಬಂತು ಎಂದು ಹೇಳೋಣ ಎಂದು. ಗಂಡಸರು ಸಂಜೆ ಬಿರಿಯಾನಿ ಪೊಟ್ಟಣ ಹಿಡಿದು ಬಂದರು, ಅವರಿಗೂ ಅದೇ ಮಾತು. ಮೂರು ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿ ಬೆಕ್ಕು ಮರಿ ಹಾಕಿದರೂ ನನಗೆ ತಿಳಿಯುತ್ತದೆ ಎಂದು ಬೀಗುವವನು ನಾನು. ಎರಡು ವರ್ಷ ಒಂದು ಊರಿನ ಹೆಂಗಸರು ಬಾಯಿ ಬಿಗಿಹಿಡಿದಿದ್ದರು, ನನಗೆ ಗಾಳಿಯೂ ಸೋಕಲಿಲ್ಲ. ಅವತ್ತು ಕೊಳ್ಳೇಗಾಲದ ಆಸ್ಪತ್ರೆಗೆ ನಾನು ಓಡಿ ಬಂದಾಗ ನಾಗಶ್ರೀಯ ಸೀರೆ ಎದೆಯವರೆಗೆ ಕೆಂಪಗೆ ಒದ್ದೆಯಾಗಿತ್ತು, ಕೈಯಲ್ಲಿ ಸುರುಳಿ ಬಿಚ್ಚದ ಒಂದು ಟವೆಲು ಇತ್ತು. ಒಂದು ಕುರ್ಚಿಯ ಕಾಲು ಬಿರುಕು ಬಿಟ್ಟರೆ ದೂರದಿಂದ ಕಾಣುವ ಈ ಕಣ್ಣಿಗೆ ಅದೂ ಕಂಡಿತ್ತು. ಮಳೆ ಎಂದುಕೊಂಡೆ.

ತಿರುಗಿ ಮನೆಗೆ ಹೋದೆ. ಕಾಫಿ ಆರಿ ಕೆನೆ ಕಟ್ಟಿತ್ತು. ಈ ಮಾತು ಮುಗಿಯುವವರೆಗೆ ಗುರುಮಲ್ಲ ಎದುರಿಗಿರುವುದು ಬೇಡವೆಂದು ಅವನನ್ನು ಬೀಡಿ ತರಲು ಕಳಿಸಿದೆ, ನಾನು ಬೀಡಿ ಸೇದುವುದಿಲ್ಲ ಎಂಬುದು ಅವನಿಗೆ ದಡ ಮುಟ್ಟಿದ ಮೇಲೆ ನೆನಪಾಗಿರಬೇಕು. ನಾಗಶ್ರೀಗೆ ಹೇಳಿದೆ, ಅಮ್ಮಾ, ಇದೊಂದು ಕಥೆಯನ್ನು ಊರ ಕಟ್ಟೆಯ ಮೇಲೆ ನಿಂತು ಹೇಳು, ಗೆದ್ದೆ ಎಂದಿಟ್ಟುಕೋ, ಕುರ್ಚಿ ನನ್ನದು, ಮೈಕು ನನ್ನದು. ಅಂಥ ಸರಕು ಇಟ್ಟುಕೊಂಡು ಯಾವ ಅಭ್ಯರ್ಥಿ ಸುಮ್ಮನಿರುತ್ತಾನೆ ಹೇಳು? ಇಲ್ಲದ್ದನ್ನೇ ಹೊಲಿದುಕೊಂಡು ಬರುವವರನ್ನು ನಾನು ನೋಡಿದ್ದೇನೆ. ಅವಳು, "ಬ್ಯಾಡ ಮಾವ. ಅತ್ತೆ ಎಲ್ಲಾರ್ಗೂ ಏಳ್ಕಂಡು ಬಂದವ್ರೆ, ಬಾಗ್ಲಿಗೇ ಗಾಡಿ ಬಂತು ಅಂತ. ಅವ್ರ ಮಾತ್ನ ಸುಳ್ಳು ಮಾಡಿ ನಾನು ಓಟು ಕೇಳ್ಲಾ?" ಎಂದಳು. ಮತ್ತೆ ಯಾಕಮ್ಮ ನಿಂತೆ ಎಂದೆ. ಅವಳು ಬೆರಳು ಮಡಿಸುತ್ತಾ, ಹಾಲಿನ ಲೆಕ್ಕ ಹೇಳುವಂತೆ ಹೇಳಿದಳು: "ಚೆಲುವಕ್ಕನ ಕತ್ತು ಓಯ್ತು. ದೊಡ್ಡಮಾದಕ್ಕನಿಗೆ ವಯಸ್ಸಾಯ್ತು. ಕುಸುಮ ಬಾಣಂತಿ. ಅತ್ತೆಗೆ ಇನ್ನೊಂದು ಸಲ ಅಂಗಾದ್ರೆ ಯಾರ ತಲೆ ಐತೆ ಮಾವ?" ಅಷ್ಟೇ ಅಕ್ಕಾ. ಬೇರೆ ಉದ್ದೇಶ ಅವಳಿಗೆ ಇಲ್ಲ. ಮೆಂಬರಾಗಿ ಮೆರೆಯುವುದಕ್ಕಲ್ಲ, ಪದ್ಮಿನಿಯ ಮೇಲೆ ಹಟವೂ ಅಲ್ಲ. ಗ್ರಾಮಸಭೆಗೆ ಮೂರು ಸಲ ಹೋಗಿ ಸೇತುವೆ ಕೇಳಿದ್ದಳಂತೆ, ಮೆಂಬರನ್ನ ಕೇಳಿ ಎಂದರಂತೆ, ಮೆಂಬರು ಶಿವಕುಮಾರಸ್ವಾಮಿ ಎಲೆಕ್ಷನ್ ಬರಲಿ ಎಂದನಂತೆ. ಎಲೆಕ್ಷನ್ ಬಂತು, ಹೋಗಿ ನಾಮಪತ್ರ ಕೊಟ್ಟಳು.

ಮಂಚ ಯಾಕೆ ತೆಗೆದುಕೊಂಡೆ ಎಂದೂ ಕೇಳಿದೆ, ನೀನು ಹೇಳಿದ ಕೆಲಸವಲ್ಲವೇ. "ತೆಂಗಿನಕಾಯಿ, ಆಟೋ ಎಲ್ಲಾ ಇತ್ತು ಮಾವ. ಬಾಯಿ ಬಿಡ್ದೆ ಎಂಗುಸ್ರಿಗೆ ಗೊತ್ತಾಗೋದು ಅದೊಂದೇ" ಎಂದಳು. ಈಗ ಗೊತ್ತಾಯಿತೇ ಟೀ ಅಂಗಡಿಯ ಹತ್ತಿರ ಆ ಹೆಂಗಸರು ಯಾಕೆ ನಗಲಿಲ್ಲ ಎಂದು? ಗಂಡಸರು ಮಂಚ ನೋಡಿ ಹಲ್ಲು ಕಿರಿಯುತ್ತಾರೆ, ಹೆಂಗಸರು ಅದೇ ಮಂಚದ ಕೆಳಗೆ ತಮ್ಮ ತಲೆ ನೋಡುತ್ತಾರೆ. ಕೊಳ್ಳೇಗಾಲಕ್ಕೆ ಹಿಂದಿರುಗುವಾಗ ದಾರಿಯುದ್ದಕ್ಕೂ ಶಿವಕುಮಾರಸ್ವಾಮಿಯ ಪೋಸ್ಟರುಗಳು ಕಂಡವು. ಅವನ ದೊಡ್ಡ ಮುಖದ ಪಕ್ಕದಲ್ಲಿ ಪದ್ಮಿನಿಯ ಪುಟ್ಟ ಮುಖ. ಮೊದಲ ಸಲ ಆ ಪುಟ್ಟ ಮುಖವನ್ನು ಗಾಡಿ ನಿಲ್ಲಿಸಿ ನೋಡಿದೆ. ಪದ್ಮಿನಿಯ ಓಟು ಯಾರಿಗೆ ಎಂದು ದೊಡ್ಡಮಾದಮ್ಮನನ್ನು ಕೇಳಿದ್ದೆ. "ಅದ್ನ ಮಾತ್ರ ಕೇಳ್ಬ್ಯಾಡಿ ಸಾವ್ಕಾರ್ರೇ" ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ನನ್ನ ಲೆಕ್ಕ ಕೇಳಿದರೆ ನಾಗಶ್ರೀ ಸೋಲುತ್ತಾಳೆ. ಗಂಡಸರ ಓಟು ಶಿವಕುಮಾರಸ್ವಾಮಿಯ ಕೈಯಲ್ಲಿದೆ, ಟ್ರ್ಯಾಕ್ಟರಿದೆ, ನನ್ನ ಕುರ್ಚಿಗಳೂ ಅವನ ಕಡೆಗೇ ಇವೆ. ಆದರೆ ಅಕ್ಕಾ, ಇಷ್ಟು ವರ್ಷ ನಾನು ಎಣಿಸಿದ್ದು ಕೂತವರನ್ನು ಮಾತ್ರ. ಬಾಗಿಲ ಹಿಂದೆ ನಿಂತವರನ್ನು ಎಣಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ಆದ್ದರಿಂದ ಈ ಸಲ ಯಾರ ಹತ್ತಿರವೂ ಪಂಥ ಕಟ್ಟಿಲ್ಲ. ಅಂಗಡಿಯ ಹುಡುಗರಿಗೆ ಆಶ್ಚರ್ಯ, ಸಾವ್ಕಾರರಿಗೆ ಜ್ವರವೇನೋ ಎಂದು ಪುಷ್ಪಳನ್ನು ಕೇಳಿದರಂತೆ.

ಭವ್ಯಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಮೊಮ್ಮಕ್ಕಳು ತಮಿಳಿನಲ್ಲಿ ಬಯ್ಯುವುದನ್ನು ಕಲಿತಿದ್ದರೆ ನನಗೂ ನಾಲ್ಕು ಮಾತು ಹೇಳಿಕೊಡಲಿ, ಅಂತಿಯೂರಿನ ಗಿರಾಕಿಗಳಿಗೆ ಬೇಕು. ನಿನ್ನ ಕೈ, ಕಾಲು, ಬಿಪಿ ಎಲ್ಲವೂ ಹದದಲ್ಲಿರಲಿ. ಮಾತ್ರೆ ತಿಂಡಿ ಆದ ಮೇಲೆ.

ನೀನು ಬಯ್ದರೂ ನಿನ್ನವನೇ ಆದ ತಮ್ಮ,
ಉದಯಕುಮಾರ್

ಮರೆತಿದ್ದೆ: ಓಟು ಈ ಭಾನುವಾರ. ಚಿಕ್ಕಮಾದಪ್ಪನ ಗಾಡಿ ಶನಿವಾರ ಬೆಳಗಿನ ಜಾವ ಅಲ್ಲಿಂದ ಹೂವು ತುಂಬಿಕೊಂಡು ಹೊರಡುತ್ತದೆ, ಮುಂದಿನ ಸೀಟನ್ನು ನಿನಗೆಂದು ಹೇಳಿಟ್ಟಿದ್ದೇನೆ. ಯಾರಿಗೆ ಒತ್ತಬೇಕೆಂದು ನಾನು ಹೇಳುವುದಿಲ್ಲ, ನೀನೂ ನನಗೆ ಹೇಳಬೇಡ. ಸತ್ಯಮಂಗಲದಲ್ಲಿ ಕತ್ತುನೋವಿಗೆ ಒಳ್ಳೆಯ ತೈಲ ಸಿಗುತ್ತದಂತೆ, ಚೆಲುವಮ್ಮನಿಗೆ ಒಂದು ಸೀಸೆ ತಾ; ನಾನು ಹೇಳಿದೆ ಎನ್ನಬೇಡ, ಸುಮ್ಮನೆ ಕೂರಿಸಿ ಹಚ್ಚು. ನಿನಗೆ ಇದನ್ನೆಲ್ಲ ಬರೆಯುತ್ತೇನೆಂದು ನಾಗಶ್ರೀಗೆ ಗೊತ್ತಿಲ್ಲ, ದೊಡ್ಡಮಾದಮ್ಮನಿಗೆ ಮಾತ್ರ ಗೊತ್ತು, ಬರೀರಿ ಎಂದವಳೂ ಅವಳೇ. ನಿನ್ನೆಯಿಂದ ಮತ್ತೆ ಮಳೆ, ಹಳ್ಳದಲ್ಲಿ ನೀರು ಏರಿದೆ. ಅಕ್ಕ ಈಗ ಗಟ್ಟಿಯಾಗಿದ್ದಾಳೆ, ಕೈ ಹಿಡಿದರೆ ನಡೆದೇ ದಾಟುತ್ತಾಳೆ ಎಂದು ದೊಡ್ಡಮಾದಮ್ಮನಿಗೆ ಫೋನಿನಲ್ಲಿ ಹೇಳಿದೆ. "ನಡೀಲಿ ಬುಡಿ ಸಾವ್ಕಾರ್ರೇ, ನಡುದ್ರೆ ಒಳ್ಳೇದೇಯ" ಎಂದಳು. "ಆದ್ರೂ ನಾವು ಸಿಂಬಿ ತಕಂಡೇ ದಡದಲ್ಲಿ ನಿಂತಿರ್ತೀವಿ."